ಐಸ್ ಇಡುವ ಮೊದಲು ಒದ್ದೆ ಬೈರಾಸು

ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಅಡಕೆ ತೋಟದ ನಡುವಿನ ಒಂದು ಮನೆ. ಅಜ್ಜ ಮೊಣಕಾಲಿನ ಗಂಟು ಬದಲಿಸಿಕೊಂಡು ಬಂದು ಇಪ್ಪತ್ತು ದಿನವಾಗಿತ್ತು. ವ್ಯಾಯಾಮ ಹೇಳಿಕೊಡಲು ಹೋದ ನಾನು ಲುಂಗಿ ಸರಿಸಿ ನೋಡಿದರೆ ಮೊಣಕಾಲಿನ ಪಕ್ಕದಲ್ಲಿ ಅಂಗೈಯಗಲದ ಕಪ್ಪುಗೆಂಪು ಕಲೆ, ಅಂಚಿನಲ್ಲಿ ಎರಡು ನೀರ್ಗುಳ್ಳೆ. ಬಿಸಿನೀರು ಚೆಲ್ಲಿದ ಹಾಗೇ ಇತ್ತು. ಚೆಲ್ಲಿದ್ದು ಬಿಸಿನೀರಲ್ಲ, ಫ್ರೀಜರಿನಿಂದ ತೆಗೆದು ನೇರ ಚರ್ಮದ ಮೇಲೆ ಇಟ್ಟ ಜೆಲ್ ಪ್ಯಾಕ್.

“ಅಲ್ಲ ಮಗಳೇ, ತಂಪಿನಲ್ಲೂ ಸುಡ್ತದಾ?” ಅಂತ ಅಜ್ಜಿ ಕೇಳಿದರು. ಆಸ್ಪತ್ರೆಯಿಂದ ಕೊಟ್ಟ ಡಿಸ್ಚಾರ್ಜ್ ಕಾಗದದಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು: ದಿನಕ್ಕೆ ನಾಲ್ಕು ಸಲ ಐಸ್ ಪ್ಯಾಕ್. ಎಷ್ಟು ನಿಮಿಷ ಅಂತ ಇಲ್ಲ, ಬಟ್ಟೆಯ ಸುದ್ದಿಯೇ ಇಲ್ಲ. ಕನ್ನಡ ಬಿಟ್ಟು ಬೇರೆ ಓದಲು ಬಾರದ ಅಜ್ಜಿಗೆ ಮೊಮ್ಮಗ ಫೋನಿನಲ್ಲಿ ಅದನ್ನೇ ಓದಿ ಹೇಳಿದ್ದ. ಗಡಿನಾಡಿನ ಮನೆಗಳಲ್ಲಿ ಇದು ಹೊಸತಲ್ಲ. ಕಾಗದ ಒಂದೋ ಇಂಗ್ಲಿಷಿನಲ್ಲಿ, ಇಲ್ಲವೇ ಮಲಯಾಳದಲ್ಲಿ. ಹಾಗಾಗಿ ಆ ಕಾಗದದಲ್ಲಿ ಇರಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ತಂಪಿನಲ್ಲೂ ಸುಡುತ್ತದೆ. ಮನೆಯ ಫ್ರೀಜರಿನೊಳಗೆ ಸಾಮಾನ್ಯವಾಗಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ ಇರುತ್ತದೆ. ಜೆಲ್ ಅಷ್ಟು ಚಳಿಯಲ್ಲೂ ಮೆತ್ತಗೇ ಉಳಿಯುವುದರಿಂದ ಮುಟ್ಟಿದವರಿಗೆ ಅದರ ಅಪಾಯ ಹೊಳೆಯುವುದಿಲ್ಲ. ಕರಗುತ್ತಿರುವ ಮಂಜುಗಡ್ಡೆಯ ಸ್ವಭಾವ ಬೇರೆ. ಪೂರ್ತಿ ನೀರಾಗುವವರೆಗೂ ಅದು ಸೊನ್ನೆ ಡಿಗ್ರಿಯಲ್ಲೇ ನಿಲ್ಲುತ್ತದೆ, ಒಂದೊಂದು ಗ್ರಾಂ ಕರಗುವಾಗಲೂ ಸುಮಾರು 80 ಕ್ಯಾಲೊರಿ ಶಾಖವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ನೀರು ಒಸರುವ ಐಸ್ ಚರ್ಮಕ್ಕೆ ಕಡಿಮೆ ಅಪಾಯ, ಕೆಲಸದಲ್ಲೂ ಹಿಂದೆ ಬೀಳುವುದಿಲ್ಲ. ನೂರಾರು ರೂಪಾಯಿ ಕೊಟ್ಟು ತಂದ ಜೆಲ್ ಪ್ಯಾಕಿಗಿಂತ ಗುದ್ದಿ ಪುಡಿ ಮಾಡಿದ ಮಂಜುಗಡ್ಡೆಯ ತೊಟ್ಟೆಯೇ ನನಗೆ ಇಷ್ಟ.

ಐಸ್ ಏನು ಮಾಡುತ್ತದೆ ಎಂಬುದೂ ತಿಳಿದಿರಲಿ. ನರಗಳ ಓಟವನ್ನು ನಿಧಾನಿಸಿ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ರಕ್ತನಾಳಗಳನ್ನು ಸಂಕೋಚಿಸುತ್ತದೆ. ಗಾಯ ಮಾಯಿಸುವ ಮದ್ದು ಅದಲ್ಲ. ಗೇಬ್ ಮಿರ್ಕಿನ್ ಎಂಬ ಅಮೆರಿಕದ ವೈದ್ಯರು 1978ರಲ್ಲಿ ‘ರೈಸ್’ ಎಂಬ ನಾಲ್ಕಕ್ಷರದ ಸೂತ್ರ ಕೊಟ್ಟರು. ನಮ್ಮ ಕುಚ್ಚಲಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ವಿಶ್ರಾಂತಿ, ಐಸ್, ಪಟ್ಟಿ ಬಿಗಿಯುವುದು, ಎತ್ತರದಲ್ಲಿಡುವುದು, ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರಗಳು ಅವು. ಐಸ್ ಮತ್ತು ಪೂರ್ತಿ ವಿಶ್ರಾಂತಿ ಮಾಯುವುದನ್ನು ತಡಮಾಡಬಹುದು ಎಂದು ಮುಂದೆ ಅವರೇ ಒಪ್ಪಿಕೊಂಡರು. ಪೆಟ್ಟಾದ ಜಾಗದ ಉರಿಯೂತ ರಿಪೇರಿಗೆ ಬಂದ ಕೆಲಸದಾಳು ಇದ್ದ ಹಾಗೆ, ಪೂರ್ತಿ ಓಡಿಸಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅಂತ ಐಸ್ ಬೇಡವೆಂದಲ್ಲ. ಮೊಣಕಾಲಿನ ಆಪರೇಷನ್ ಆದವರಿಗೆ ನೋವಿನಿಂದ ಕಾಲು ಮಡಚಲೇ ಆಗದಿದ್ದರೆ ಗಂಟು ಬಿಗಿದುಕೊಳ್ಳುತ್ತದೆ. ನೋವು ತಗ್ಗಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಟ್ಟರೆ ಐಸಿನ ಕೆಲಸ ಆಯಿತು.

ಮೊದಲು ಚಮಚದ ಪರೀಕ್ಷೆ

ಒಂದು ಚಮಚವನ್ನು ಫ್ರಿಜ್ಜಿನ ತಣ್ಣೀರಿನಲ್ಲಿ, ಇನ್ನೊಂದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಒರೆಸಿ. ಕಣ್ಣು ಮುಚ್ಚಿಸಿ, ಐಸ್ ಇಡಬೇಕಾದ ಜಾಗಕ್ಕೆ ಹಿಂದುಮುಂದಾಗಿ ಐದಾರು ಸಲ ಮುಟ್ಟಿಸಿ ಯಾವುದು ತಂಪು ಅಂತ ಕೇಳಿ. ತಪ್ಪು ಹೇಳಿದರೆ ಅಲ್ಲಿ ಐಸ್ ಬೇಡ. ಹಳೆಯ ಸಕ್ಕರೆ ಕಾಯಿಲೆಯವರ ಪಾದ, ಪಕ್ಷವಾತದಲ್ಲಿ ಸ್ವಾಧೀನ ತಪ್ಪಿದ ಕೈಕಾಲು, ಸ್ಪರ್ಶವಿಲ್ಲದ ಮಚ್ಚೆ ಇರುವ ಚರ್ಮ, ಇಲ್ಲೆಲ್ಲ ಸುಟ್ಟರೂ ಗೊತ್ತಾಗುವುದಿಲ್ಲ. ಆಪರೇಷನ್ನಿನ ಗಾಯದ ಸುತ್ತಲೂ ಕೆಲವು ತಿಂಗಳು ಚರ್ಮ ಮಂದವಾಗಿರುವುದುಂಟು. ಅಜ್ಜನ ಕಲೆ ಇದ್ದದ್ದು ಅಂಥ ಮಂದ ಜಾಗದಲ್ಲೇ.

ಮಳೆಯಲ್ಲಿ ನೆನೆದರೆ, ತಣ್ಣೀರು ಮುಟ್ಟಿದರೆ ಮೈಮೇಲೆ ದದ್ದು ಏಳುವವರು, ಚಳಿಗೆ ಬೆರಳು ಬಿಳಿಚಿ ನೀಲಿಯಾಗುವವರು, ಕಾಲಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ ಎಂದು ವೈದ್ಯರು ಹೇಳಿದವರು ಐಸಿನ ಹತ್ತಿರ ಹೋಗಬೇಡಿ. ತೆರೆದ ಗಾಯದ ಮೇಲೂ ಬೇಡ.

ಇಡುವುದು ಹೇಗೆ

ದಪ್ಪ ಪ್ಲಾಸ್ಟಿಕ್ ತೊಟ್ಟೆಗೆ ಪುಡಿ ಐಸ್ ಅರ್ಧ ತುಂಬಿಸಿ, ಒಂದು ಲೋಟ ನೀರು ಸೇರಿಸಿ, ಗಾಳಿ ಹಿಂಡಿ ಗಂಟು ಹಾಕಿ. ಪೂರ್ತಿ ತುಂಬಿಸಿದರೆ ಕಲ್ಲಿನ ಹಾಗಾಗುತ್ತದೆ, ಮೊಣಕಾಲಿನ ಆಕಾರಕ್ಕೆ ಕೂರುವುದಿಲ್ಲ. ಮಂಜೇಶ್ವರ, ಕುಂಬಳೆ ಕಡೆಯವರು ಮೀನಿನ ಐಸ್ ತರುವುದಿದ್ದರೆ ತೊಂದರೆ ಇಲ್ಲ, ಆದರೆ ಡಬಲ್ ತೊಟ್ಟೆಯಲ್ಲಿ ಕಟ್ಟಿ. ಹೊಲಿಗೆಯ ಗಾಯಕ್ಕೆ ಆ ನೀರು ತಾಗಬಾರದು. ಹೊಲಿಗೆ ಬಿಚ್ಚದಿದ್ದರೆ ಬ್ಯಾಂಡೇಜಿನ ಮೇಲೂ ಒಂದು ಪ್ಲಾಸ್ಟಿಕ್ ಹಾಳೆ ಇರಲಿ.

ಇನ್ನು ಬೈರಾಸು. ತೆಳ್ಳಗಿನ ಹತ್ತಿಯ ಬೈರಾಸನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒಂದೇ ಮಡಿಕೆಯಲ್ಲಿ ಚರ್ಮದ ಮೇಲೆ ಹಾಸಿ, ಅದರ ಮೇಲೆ ಐಸ್. ದಪ್ಪ ಟರ್ಕಿ ಟವೆಲನ್ನು ಒಣಗಿದ್ದಾಗಲೇ ಸುತ್ತಿದರೆ ತಂಪು ಒಳಗೆ ಇಳಿಯುವುದೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಇಳಿಯುತ್ತದೆ. ಜೆಲ್ ಪ್ಯಾಕೇ ಇದ್ದರೆ ಅದನ್ನು ಫ್ರೀಜರಿನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟು, ಬೈರಾಸನ್ನು ಎರಡು ಮಡಿಕೆ ಮಾಡಿ ಹಾಸಿ. ಕಾಲು ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿ ಇರಲಿ. ಐಸ್ ಕಾಲಿನ ಮೇಲೆ ಇರಬೇಕೇ ಹೊರತು ಕಾಲು ಐಸಿನ ಮೇಲಲ್ಲ. ಮೈಭಾರ ಬಿದ್ದ ಜಾಗ ಬೇಗ ಸುಡುತ್ತದೆ.

ಹೊತ್ತು: ಪಾದದ ಗಂಟು, ಮೊಣಕೈಯಂಥ ಮಾಂಸ ಕಡಿಮೆ ಇರುವ ಜಾಗಕ್ಕೆ ಹತ್ತು ನಿಮಿಷ, ಮೊಣಕಾಲಿಗೆ ಹದಿನೈದು, ತೊಡೆ, ಸೊಂಟಕ್ಕೆ ಇಪ್ಪತ್ತು. ಅದಕ್ಕಿಂತ ಹೆಚ್ಚಿಟ್ಟರೆ ಹೆಚ್ಚು ಗುಣವಾಗುವುದಿಲ್ಲ. ಮತ್ತೆ ಇಡಲು ಎರಡು ಗಂಟೆ ಕಳೆಯಲಿ. ಮೊಬೈಲಿನಲ್ಲಿ ಅಲಾರಾಂ ಇಟ್ಟೇ ಶುರುಮಾಡಿ. ತಾಳಮದ್ದಳೆ ಕೇಳುತ್ತ ಮಲಗಿ, ಅರ್ಜುನನ ಅರ್ಥ ಮುಗಿಯುವಷ್ಟರಲ್ಲಿ ಗೊರಕೆ ಹೊಡೆದವರನ್ನು ನಾನು ಕಂಡಿದ್ದೇನೆ. ನಿದ್ದೆ ಬರುವ ಹೊತ್ತಿಗೆ ಐಸ್ ಬೇಡವೇ ಬೇಡ.

ಮೊದಲು ತಂಪು, ಆಮೇಲೆ ಉರಿ, ಆಮೇಲೆ ಸೆಳೆತ, ಕೊನೆಗೆ ಮರಗಟ್ಟುವುದು: ಹೆಚ್ಚಾಗಿ ಇದೇ ಕ್ರಮ. ಮರಗಟ್ಟಿತೆಂದರೆ ಅಲಾರಾಂ ಹೊಡೆಯದಿದ್ದರೂ ತೆಗೆಯಿರಿ. ಐದು ನಿಮಿಷಕ್ಕೊಮ್ಮೆ ಬೈರಾಸು ಎತ್ತಿ ನೋಡಿ. ಚರ್ಮ ಕೆಂಪಾದರೆ ಹೆದರಬೇಕಿಲ್ಲ ಅಂತ ಪುಸ್ತಕದಲ್ಲಿ ಇರುತ್ತದೆ, ಆದರೆ ನಮ್ಮ ಕಪ್ಪು ಮೈಗೆ ಕೆಂಪು ಎಲ್ಲಿ ಕಾಣುತ್ತದೆ? ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಗುರುತು ಎರಡು ಮೂರು ಸೆಕೆಂಡಿನಲ್ಲಿ ಮಾಯವಾದರೆ ಸರಿ. ಹಾಗೇ ಉಳಿದರೆ, ಅಥವಾ ಚರ್ಮ ಮೇಣದ ಹಾಗೆ ಬೂದುಬಣ್ಣಕ್ಕೆ ತಿರುಗಿದರೆ ಕೂಡಲೇ ನಿಲ್ಲಿಸಿ.

ಮೊಣಕಾಲಿನ ಹೊರಬದಿಯ ವಿಷಯ ನಾನೇ ಪೆಟ್ಟು ತಿಂದು ಕಲಿತದ್ದು. ಓದುತ್ತಿದ್ದ ಕಾಲದಲ್ಲಿ ಹಾವಸೆ ಕಟ್ಟಿದ ಕೆಂಪುಕಲ್ಲಿನ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದೆ. ಅರೆಬರೆ ಕಲಿತ ಉತ್ಸಾಹದಲ್ಲಿ ಮೊಣಕಾಲಿಗೆ ಐಸ್ ಇಟ್ಟು ಕ್ರೇಪ್ ಬ್ಯಾಂಡೇಜಿನಿಂದ ಬಿಗಿಯಾಗಿ ಸುತ್ತಿ ಅರ್ಧ ಗಂಟೆ ಕುಳಿತೆ. ಎದ್ದಾಗ ಹೆಬ್ಬೆರಳು ಮೇಲೆ ಎತ್ತಲಾಗಲಿಲ್ಲ, ಪಾದ ಚಪ್ಪಲಿಯ ಹಾಗೆ ಪಟಪಟ ಬಡಿಯುತ್ತಿತ್ತು. ಮೊಣಕಾಲಿನ ಹೊರಗಡೆ ಸ್ವಲ್ಪ ಕೆಳಗೆ ಕೈಗೆ ಸಿಗುವ ಎಲುಬಿನ ಗುಬ್ಬಿಯ ಸುತ್ತ ಒಂದು ನರ ಚರ್ಮದ ಅಡಿಯಲ್ಲೇ ಹಾದುಹೋಗುತ್ತದೆ. ಚಳಿ ಮತ್ತು ಬಿಗಿತ ಎರಡೂ ಸೇರಿ ಅದನ್ನು ಮಲಗಿಸಿದ್ದವು. ಸರಿಯಾಗಲು ಮೂರು ವಾರ ಹಿಡಿಯಿತು. ಮೊಣಕೈಯ ಒಳಬದಿಯಲ್ಲಿ, ತಾಗಿದರೆ ಶಾಕ್ ಹೊಡೆಯುವ ಜಾಗವಿದೆಯಲ್ಲ, ಅಲ್ಲೂ ಹೀಗೆಯೇ. ಆ ಎರಡೂ ಕಡೆ ಐಸ್ ಬೇಡ, ಐಸಿನ ಮೇಲೆ ಬ್ಯಾಂಡೇಜು ಬಿಗಿಯುವುದೂ ಬೇಡ.

ಎಣ್ಮಕಜೆ, ಬೆಳ್ಳೂರು, ಮುಳಿಯಾರಿನ ಕಡೆ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧಿತರಾದ ಮಕ್ಕಳ ಮನೆಗಳಿಗೂ ಹೋಗುತ್ತೇನೆ. ಬಿಗಿದ ಸ್ನಾಯು ಸಡಿಲವಾಗಲೆಂದು ಐಸ್ ಇಡಬಹುದೇ ಎಂದು ತಾಯಂದಿರು ಕೇಳುತ್ತಾರೆ. ಮಾತು ಬಾರದ ಮಗು ‘ಉರಿ’ ಅನ್ನುವುದಿಲ್ಲ. ಹುಬ್ಬು ಗಂಟಿಕ್ಕುತ್ತದೆ, ಕೈ ಮುಷ್ಟಿಯಾಗುತ್ತದೆ, ಉಸಿರು ಬಿಗಿಹಿಡಿಯುತ್ತದೆ. ಕೆಲವು ಮಕ್ಕಳಲ್ಲಿ ಅಷ್ಟೂ ಇಲ್ಲ. ಅಂಥ ಮಕ್ಕಳಿಗೆ ಮನೆಯಲ್ಲಿ ನೀವಾಗಿ ಇಡಬೇಡಿ, ಥೆರಪಿಸ್ಟ್ ಎದುರಿಗಿದ್ದಾಗ ಮಾತ್ರ, ಅದೂ ಮಗುವಿನ ಮುಖದಿಂದ ಕಣ್ಣು ತೆಗೆಯದೆ.

ತೆಗೆದ ಮೇಲೆ

ಆಪರೇಷನ್ ಆದವರಿಗೆ ವ್ಯಾಯಾಮ ಮುಗಿದ ಮೇಲೆ ಐಸ್ ಇಡುವುದು ರೂಢಿ. ಮೊದಲೇ ಇಟ್ಟಿದ್ದರೆ ಹಾಸಿಗೆಯಲ್ಲೇ ಮೆಲ್ಲಗೆ ಮಡಚುವ, ಚಾಚುವ ವ್ಯಾಯಾಮ ಮಾಡಬಹುದು. ಮೆಟ್ಟಿಲು, ಭಾರ ಎತ್ತುವುದು ಬೇಡ. ತಣಿದ ಗಂಟಿಗೆ ತಾನು ಎಲ್ಲಿದ್ದೇನೆಂಬ ಅರಿವು ಸ್ವಲ್ಪ ಹೊತ್ತು ಮಂಕಾಗಿರುತ್ತದೆ. ಕಾಲು ಉಳುಕಿದ ಅಡಕೆ ಕೊಯ್ಲಿನವರೊಬ್ಬರು ಐಸ್ ಇಟ್ಟು “ಈಗ ನೋವೇ ಇಲ್ಲ” ಅಂತ ಮರ ಹತ್ತಲು ಹೊರಟಿದ್ದರು. ನೋವು ಇಲ್ಲದಿರುವುದೇ ಅಲ್ಲಿ ಅಪಾಯ. ಉಳುಕಿದ ಮೇಲೆ ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ ಐಸ್ ಬದಿಗಿಟ್ಟು ಎಕ್ಸ್‌ರೇ ತೆಗೆಸಿ.

ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರಿನಲ್ಲಿ ಕಾಲು ಇಳಿಬಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಹಿತವಾಗಿರುತ್ತದೆ, ಹಾನಿಯಿಲ್ಲ. ಆದರೆ ನೆಲದೊಳಗಿನ ನೀರಿನ ತಾಪ ಊರಿನ ವರ್ಷದ ಸರಾಸರಿ ತಾಪದ ಹತ್ತಿರವೇ ಇರುತ್ತದೆ. ನಮ್ಮಲ್ಲಿ ಅದು ಮಂಜುಗಡ್ಡೆಯ ಕೆಲಸ ಮಾಡುವಷ್ಟು ತಣ್ಣಗಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಐಸ್ ಸಿಗದಿದ್ದರೆ ಕಾಲು ಎತ್ತರದಲ್ಲಿಟ್ಟು ಮಲಗಿ, ಅದೂ ಬಾವು ಇಳಿಸುತ್ತದೆ. ಹೊಸ ಉಳುಕಿಗೆ ಮೊದಲ ಎರಡು ಮೂರು ದಿನ ಬಿಸಿ ಶಾಖವೂ ಬೇಡ, ಮುರಿವೆಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕುವುದೂ ಬೇಡ.

ಅಕಸ್ಮಾತ್ ಸುಟ್ಟರೆ? ಐಸ್ ತೆಗೆದು ಉಗುರುಬೆಚ್ಚಗಿನ ನೀರಿನಲ್ಲಿ ಆ ಜಾಗವನ್ನು ಮೆಲ್ಲಗೆ ಮಾಮೂಲಿ ಸ್ಥಿತಿಗೆ ತನ್ನಿ. ಹೊಲಿಗೆ ಇದ್ದರೆ ನೀರು ತಾಗಿಸದೆ ಬೆಚ್ಚಗಿನ ಅಂಗೈ ಇಡಿ. ಉಜ್ಜಬೇಡಿ, ಬಿಸಿನೀರ ಚೀಲ ಇಡಬೇಡಿ. ಮರಗಟ್ಟಿದ ಚರ್ಮಕ್ಕೆ ಬಿಸಿಯೂ ತಿಳಿಯುವುದಿಲ್ಲ. ಗುಳ್ಳೆ ಎದ್ದರೆ ಒಡೆಯದೆ ವೈದ್ಯರಿಗೆ ತೋರಿಸಿ. ಅಜ್ಜನ ಗುಳ್ಳೆ ಹಾಗೇ ಬಿಟ್ಟಿದ್ದರಿಂದ ಹನ್ನೆರಡು ದಿನದಲ್ಲಿ ಒಣಗಿತು.

ಬದಲಿಸಿದ ಮೊಣಕಾಲು ಕೆಲವು ತಿಂಗಳು ಇನ್ನೊಂದಕ್ಕಿಂತ ಬೆಚ್ಚಗಿರುವುದು ಸಹಜ. ಆದರೆ ಮೀನಖಂಡ ಊದಿ, ಒತ್ತಿದರೆ ನೋವಾಗಿ, ಕಾಲಿಡೀ ಭಾರವೆನಿಸಿದರೆ ಅದು ಐಸ್ ಇಟ್ಟು ಕಾಯುವ ಊತವಲ್ಲ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ, ಎದೆ ನೋಯತೊಡಗಿದರೆ ಸಂಜೆಯ ಬಸ್ಸಿಗೆ ಕಾಯದೆ 108ಕ್ಕೆ ಫೋನ್ ಮಾಡಿ.