ಕೈತೋಟದ ಕೀಟ ಮತ್ತು ರೋಗಗಳಿಗೆ ಮನೆಯಲ್ಲೇ ತಯಾರಿಸುವ ಸಿಂಪಡಣೆಗಳು

ಎಲೆ ಮುದುರಿತೆಂದು ಕೂಡಲೇ ಸಿಂಪಡಣೆಗೆ ತೊಡಗುವ ಮೊದಲು ಆ ಎಲೆಯನ್ನು ಮಗುಚಿ ಅಡಿಭಾಗವನ್ನು ನೋಡಬೇಕು. ಅಲ್ಲಿ ಸಸ್ಯಹೇನು, ಬಿಳಿನೊಣ ಅಥವಾ ಹಿಟ್ಟುತಿಗಣೆ ಇದ್ದರೆ ಅದು ಕೀಟದ ಬಾಧೆ. ಕೀಟವೇನೂ ಕಾಣದೆ ಕಂದು ಚುಕ್ಕೆ, ಕೊಳೆ ಅಥವಾ ಬೂದಿ ಎರಚಿದಂತಹ ಪದರ ಮಾತ್ರ ಇದ್ದರೆ ಅದು ಬಹುಪಾಲು ಶಿಲೀಂಧ್ರದ ಕೆಲಸ. ಎರಡಕ್ಕೂ ಮದ್ದು ಬೇರೆ ಬೇರೆ.

ಕೀಟಗಳಿಗೆ ಬೇವಿನ ಬೀಜದ ಕಷಾಯವೇ ನನ್ನ ಮೊದಲ ಆಯ್ಕೆ. ಮಳೆಗಾಲದ ಆರಂಭದಲ್ಲಿ ಮರದಡಿ ಉದುರುವ ಹಣ್ಣುಗಳನ್ನು ಆರಿಸಿ, ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿಟ್ಟುಕೊಂಡರೆ ವರ್ಷದ ಅಗತ್ಯಕ್ಕೆ ಸಾಕಾಗುತ್ತದೆ. ಶೇ 5ರ ಕಷಾಯಕ್ಕೆ ಒಂದು ಲೀಟರ್ ನೀರಿಗೆ 50 ಗ್ರಾಂ ಒಣ ತಿರುಳು ಬೇಕು. ಅದನ್ನು ತರಿತರಿಯಾಗಿ ಕುಟ್ಟಿ, ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಗಂಟನ್ನು ಚೆನ್ನಾಗಿ ಹಿಂಡಿ ಸೋಸಿಕೊಳ್ಳಬೇಕು. ಹೆಸರು ಕಷಾಯವಾದರೂ ಇದನ್ನು ಕುದಿಸಬಾರದು. ದ್ರಾವಣ ಎಲೆಗೆ ಅಂಟಿಕೊಳ್ಳಲು ಒಂದೆರಡು ಗ್ರಾಂ ಸೋಪಿನ ತುರಿಯನ್ನು ಕರಗಿಸಿ ಸೇರಿಸಬೇಕು. ಬೇವಿನ ಸತ್ವವಾದ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಕ್ಷೀಣಿಸುವುದರಿಂದ ಸಿಂಪಡಣೆಗೆ ಸಂಜೆಯೇ ತಕ್ಕ ಹೊತ್ತು. ಮರುದಿನ ಹುಳು ಸತ್ತಿಲ್ಲವೆಂದು ಬೇಸರಿಸಬೇಕಿಲ್ಲ: ಬೇವು ಕೀಟ ಎಲೆ ತಿನ್ನುವುದನ್ನೂ ಪೊರೆ ಕಳಚಿ ಬೆಳೆಯುವುದನ್ನೂ ತಡೆಯುತ್ತದೆಯೇ ಹೊರತು ತಕ್ಷಣ ಕೊಲ್ಲುವುದಿಲ್ಲ. ವಾರ, ಹತ್ತು ದಿನಕ್ಕೊಮ್ಮೆ ಮತ್ತೆ ಸಿಂಪಡಿಸಬೇಕು. ಹಿಟ್ಟುತಿಗಣೆಯ ಮೈಮೇಲಿನ ಮೇಣದ ಪದರ ದ್ರಾವಣವನ್ನು ಒಳಬಿಡದ ಕಾರಣ, ಮೊದಲು ರಭಸದ ನೀರಿನಿಂದ ಅದನ್ನು ತೊಳೆದುಹಾಕುವುದು ಒಳ್ಳೆಯದು.

ಸೌತೆ, ಕುಂಬಳ, ಗುಲಾಬಿಗಳಲ್ಲಿ ಕಾಣುವ ಬೂದಿರೋಗದ ಆರಂಭದಲ್ಲಿ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ವಾರಕ್ಕೊಮ್ಮೆ ಎಲೆ ತೊಯ್ಯುವಂತೆ ಸಿಂಪಡಿಸಿದರೆ ಸಾಕು.

ಟೊಮೆಟೊದ ಎಲೆ, ಕಾಂಡ ಕಂದಾಗಿ ಒಣಗಿಸುವ ಅಂಗಮಾರಿ ರೋಗಕ್ಕೆ ಇಷ್ಟು ಸಾಲದು. ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರು ಕೊಳೆರೋಗ ತಡೆಯಲು ಬಳಸುವ ಶೇ 1ರ ಬೋರ್ಡೋ ದ್ರಾವಣವನ್ನೇ ಇಲ್ಲಿ ಸಣ್ಣ ಪ್ರಮಾಣದಲ್ಲಿ ತಯಾರಿಸಿಕೊಳ್ಳಬಹುದು. ಅರ್ಧ ಲೀಟರ್ ನೀರಿನಲ್ಲಿ 10 ಗ್ರಾಂ ಮೈಲುತುತ್ತವನ್ನೂ (ತಾಮ್ರದ ಸಲ್ಫೇಟ್) ಇನ್ನರ್ಧ ಲೀಟರಿನಲ್ಲಿ 10 ಗ್ರಾಂ ಸುಟ್ಟ ಸುಣ್ಣವನ್ನೂ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿ, ತಣಿದ ಸುಣ್ಣದ ನೀರಿಗೆ ತುತ್ತದ ನೀರನ್ನು ಕಲಕುತ್ತಾ ಸುರಿಯಬೇಕು. ಈ ಕ್ರಮವನ್ನು ತಿರುಗುಮುರುಗು ಮಾಡಬಾರದು. ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ, ಅದು ಕಾಣದಂತಾಗುವವರೆಗೆ ಸುಣ್ಣದ ನೀರು ಸೇರಿಸಬೇಕು. ಇಲ್ಲದಿದ್ದರೆ ಎಲೆ ಸುಡುತ್ತದೆ. ಇದು ರೋಗ ಬಾರದಂತೆ ತಡೆಯುವ ಮದ್ದಾದ್ದರಿಂದ ಸತತ ಮಳೆ ಹಿಡಿಯುವ ಮೊದಲೇ ಸಿಂಪಡಿಸಬೇಕು. ಎಲೆಯನ್ನೇ ತಿನ್ನುವ ಸೊಪ್ಪುಗಳಿಗೆ ಇದನ್ನು ಹೊಡೆಯುವುದು ನನಗೆ ಸರಿಕಾಣುವುದಿಲ್ಲ. ಉಳಿದ ದ್ರಾವಣವನ್ನು ಮರುದಿನಕ್ಕೆ ಇಟ್ಟುಕೊಳ್ಳಬಾರದು. ಎಷ್ಟು ಬೇಕೋ ಅಷ್ಟನ್ನೇ ಆಯಾ ದಿನ ತಯಾರಿಸಬೇಕು.