ಹಳೇ ಕಾರ್ವೆಟ್‌ಗೆ ಬಾಲ್ ಜಾಯಿಂಟ್ ಆರಿಸಿದ್ದು

ಇಲ್ಲಿ ಅಮೆರಿಕದಲ್ಲಿ ನನ್ನ ಹತ್ತಿರ 1979ರ ಕಾರ್ವೆಟ್ ಸ್ಪೋರ್ಟ್ಸ್ ಕಾರು ಇದೆ. ಗುಂಡಿಗೆ ಇಳಿದಾಗೆಲ್ಲ ಮುಂದಿನಿಂದ ಟಕ್ ಟಕ್ ಸದ್ದು. ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಆರ್ಮ್‌ಗೆ ಸೇರಿಸುವ ಗುಂಡು ಕೀಲು) ಸವೆದಿರಬಹುದು ಅನ್ನಿಸಿತು. ಕೆಳಗಿನ ಆರ್ಮ್‌ಗೇ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ತೋಳು) ಜಾಕ್ ಕೊಟ್ಟು ಎತ್ತಿ, ಚಕ್ರ ಅಲುಗಿಸಿ ನೋಡಿದೆ. ಸ್ಪ್ರಿಂಗ್ ಒತ್ತಡ ಜಾಯಿಂಟ್ ಮೇಲಿಂದ ತಪ್ಪಿದರೇನೇ ಸವೆತ ಸರಿಯಾಗಿ ಗೊತ್ತಾಗುವುದು. ಕೆಳಗಿನ ಎರಡೂ ಜಾಯಿಂಟ್ ಆಡುತ್ತಿದ್ದವು.

ರೇಸಿಂಗ್ ಜಾಯಿಂಟ್ ಅಂತ ಆಯ್ಕೆ ಜಾಸ್ತಿ ಇವೆ. ನಾನು ತೆಗೆದುಕೊಂಡಿದ್ದು ಮೂಲ ಅಳತೆಯದೇ, ಗ್ರೀಸ್ ತುಂಬುವ ನಿಪ್ಪಲ್ ಇರುವುದು. ರಸ್ತೆಯಲ್ಲಿ ಓಡಿಸುವ ಕಾರಿಗೆ ಅಷ್ಟು ಸಾಕು, ಅಲ್ವಾ? ಜಾಯಿಂಟ್‌ನಿಂದ ಹೊರಚಾಚಿದ ಸ್ಟಡ್‌ನ ಟೇಪರ್ (ತುದಿಗೆ ಸಣ್ಣಗಾಗುವ ಆಕಾರ) ಮಾತ್ರ ನಕಲ್‌ಗೆ, ಅಂದರೆ ಚಕ್ರ ಕೂರುವ ಭಾಗದ ತೂತಿಗೆ, ಸರಿಯಾಗಿ ಕೂರಲೇಬೇಕು.

ಫ್ಯಾಕ್ಟರಿಯ ಜಾಯಿಂಟ್‌ಗಳಿಗೆ ರಿವೆಟ್ ಹೊಡೆದಿರುತ್ತಾರೆ. ಡ್ರಿಲ್ ಮಾಡಿ ತೆಗೆದೆ. ಹೊಸದರ ಜೊತೆ ಬೋಲ್ಟ್ ಬಂದಿತ್ತು. ಸ್ಪ್ರಿಂಗ್‌ನಲ್ಲಿ ಭಾರಿ ಒತ್ತಡ ಇರುತ್ತದೆ, ಆರ್ಮ್ ಕೆಳಗಿನ ಜಾಕ್ ಸರಿಸಲೇಬೇಡಿ. ನಟ್ ಕಳಚದಂತೆ ತಡೆಯುವ ಕಾಟರ್ ಪಿನ್‌ಗೆ ತೂತು ಸೇರದಿದ್ದರೆ ನಟ್ ಇನ್ನಷ್ಟು ಬಿಗಿ ಮಾಡಿ, ಸಡಿಲಿಸಬೇಡಿ. ಆಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆ. ಸದ್ದು ಪೂರ್ತಿ ನಿಂತಿದೆ.