‘ಯಾಕ?’ ಅನ್ನಬ್ಯಾಡ್ರಿ, ‘ಹಂಗಾದ್ರ ಏನಾಗ್ತದ?’ ಅನ್ರಿ

ಸಂಘದ ಅಕ್ಕಂದಿರಿಗೆ, ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು. “ಮಗಳ್ನ ಆಳಂದದಿಂದ ಕಲಬುರಗಿ ಕಾಲೇಜಿಗೆ ಕಳಸಂಗಿಲ್ಲ” ಅಂತ ಯಾವ ತಾಯಿರೆ ಅಂದ್ರ, ವಾದಕ್ಕ ಇಳಿಬ್ಯಾಡ್ರಿ. “ಯಾಕ?” ಅಂದ್ರ ಆಕಿ ತನ್ನ ಮಾತೇ ಗಟ್ಟಿ ಮಾಡ್ಕೋತಾಳ. “ಕಳಿಸಿದ್ರ ಏನಾಗ್ತದ ಅನಸ್ತದವ್ವಾ?” ಅಂತ ಸಮಾಧಾನದಿಂದ ಕೇಳ್ರಿ.

“ಬಸ್ ತಡ ಆಗ್ತದ.” ತಡ ಆದ್ರ? “ಓಣ್ಯಾಗ ಮಂದಿ ಆಡ್ಕೋತಾರ.” ಆಡ್ಕೊಂಡ್ರ? “ನಾ ಮಗಳ್ನ ನೆಟ್ಟಗ ಬೆಳಸಿಲ್ಲ ಅಂತಾರ.”

ಅಲ್ಲಿಗೆ ತಳ ಸಿಕ್ತು. ಮಂದಿ ಮಾತಿನ ಮ್ಯಾಲೇ ತನ್ನ ಯೋಗ್ಯತಾ ನಿಂತದ ಅನ್ನೋ ನಂಬಿಕಿ ಅದು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಾಗ ಕಟ್ಟಿದ ಅರಿವಿನ ಚಿಕಿತ್ಸೆಯಾಗ (ಮನಸ್ಸಿನ ತಪ್ಪು ನಂಬಿಕಿ ಮಾತಿನಿಂದ ಹುಡುಕಿ ತಿದ್ದೋ ಚಿಕಿತ್ಸೆ) ಹಿಂಗೇ ಕೇಳ್ತಾರ. ಆದ್ರ ಆ ಮಾತು ಆಕಿ ಬಾಯಿಂದನೇ ಬರಬೇಕು, ನೀವು ಹೇಳಿಕೊಡಬ್ಯಾಡ್ರಿ. ಕಣ್ಣೀರು ಬಂದ್ರ ಪ್ರಶ್ನಿ ನಿಲ್ಲಸ್ರಿ. ನಾಲ್ಕು ಮಂದಿ ಮುಂದಂತೂ ಕೇಳ್ಲೇಬ್ಯಾಡ್ರಿ.